ಜೇಡಕ್ಕೂ ಆಷಾಢ

ಅಂಜಿನಕ್ಕನಿಗೆ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದು ಟ್ರಂಕಿನಿಂದ. ಮದುವೆಯಾದ ಮೊದಲ ಆಷಾಢಕ್ಕೆ ಹೆಣ್ಣುಮಗಳು ತವರಿಗೆ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಒಂದು ತಿಂಗಳ ಮಾತು, ನಾಲ್ಕು ಸೀರೆ ಹಿಡಿಯುವ ಕೈಚೀಲ ಸಾಕು. ನಾಗರತ್ನ ಮಾತ್ರ ಮದುವೆಯಲ್ಲಿ ತಂದಿದ್ದ ಹಸಿರು ಬಣ್ಣದ ಕಬ್ಬಿಣದ ಟ್ರಂಕನ್ನು ಅಂಚಿನ ತನಕ ತುಂಬಿ, ಬೀಗ ಜಡಿದು, ಅಣ್ಣನ ಕೈಲಿ ಬಸ್ಸಿನ ಟಾಪಿಗೇರಿಸಿಕೊಂಡು ತವರೂರು ಹಲವಾಗಲಿಗೆ ಹೊರಟಳು. ಒಯ್ಯಲೇಬೇಕಾಗಿದ್ದ ಒಂದನ್ನು ಮಾತ್ರ ತಾನೂ ಗಂಡನೂ ಮಲಗುವ ಕೋಣೆಯ ಗೋಡೆಯ ಗೂಡಿನಲ್ಲಿ ಬಿಟ್ಟಳು. ಅದು ಒಂದು ಹಾರ್ಲಿಕ್ಸ್ ಬಾಟಲಿ. ಅದರೊಳಗೆ ಜೇಡ.

ಮೂಲೆಯಲ್ಲಿ ಬಲೆ ನೇಯುವ ಬಡಪಾಯಿ ಜೇಡವಾಗಿದ್ದರೆ ಅಂಜಿನಕ್ಕ ಕಸಬರಿಗೆಯಿಂದ ಒಂದೇಟು ಹಾಕಿ ಮರೆತಿರುತ್ತಿದ್ದಳು. ಇದು ಹೊಲದ ಬದುವಿನಲ್ಲಿ ಬಿಲ ತೋಡಿಕೊಂಡು ಬದುಕುವ, ಮೈತುಂಬ ಕೂದಲಿರುವ ದಪ್ಪ ಜಾತಿಯದು. ನಾಗರತ್ನ ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದುವಾಗ ಅವಳಪ್ಪನ ಗುದ್ದಲಿಗೆ ಸಿಕ್ಕಿದ್ದು. ಆಗ ತೊಗರಿಕಾಳಿನಷ್ಟು ಮರಿ. ಈಗ ಕಾಲು ಚಾಚಿದರೆ ಅಂಗೈ ಅಗಲಕ್ಕೆ ಸ್ವಲ್ಪ ಕಮ್ಮಿ.

ಮದುವೆಯಾಗಿ ಕೂಡ್ಲಿಗಿಗೆ ಬಂದ ಸೊಸೆ, ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದ ಮರುಗಳಿಗೆಯಲ್ಲೇ ಚೀಲದಿಂದ ಈ ಬಾಟಲಿ ತೆಗೆದಿದ್ದಳು. ಅಂಜಿನಕ್ಕ ಕಿರುಚಿದ ಕಿರುಚಾಟಕ್ಕೆ ಬೀಗರೆಲ್ಲ ಓಡಿಬಂದರು.

"ಇದೇನವ್ವಾ ಇದು?"

"ಜೇಡ ರೀ ಅತ್ತೆ. ಏನೂ ಮಾಡಲ್ಲ. ಇನ್ನೂ ಮರಿ. ಹೆಣ್ಣಾದ್ರೆ ಹತ್ತು ಹದಿನೈದು ವರ್ಷ ಬದುಕುತ್ತೆ."

"ಹದಿನೈದು ವರ್ಷ ನಮ್ಮನ್ಯಾಗ? ಕೇಳವ್ವಾ ಇಲ್ಲಿ. ಈ ಮನ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು."

ಮೂಲೆಯ ಚಾಪೆಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಮಾಳಮ್ಮ, ಅಂದರೆ ಅಂಜಿನಕ್ಕನ ಅತ್ತೆ, ತಲೆಯೆತ್ತದೆ ಹೇಳಿದಳು: "ಹಂಗಾರ ನೀನ ಹೋಗವ್ವಾ. ಅದು ಮಾತಾಡಂಗಿಲ್ಲ."

ಎಲ್ಲರೂ ನಕ್ಕರು. ನಾಗರತ್ನ ನಗಲಿಲ್ಲ. ತಾನು ಆಡಿದ ಮಾತನ್ನು ಅವಳು ಒಳಗೆ ಇಟ್ಟುಕೊಂಡಳೆಂಬುದು ಅಂಜಿನಕ್ಕನಿಗೆ ಅವತ್ತೇ ಗೊತ್ತಾಗಿತ್ತು. ಅಂಥದ್ದನ್ನು ಪತ್ತೆ ಹಚ್ಚುವುದರಲ್ಲಿ ಅವಳ ಮೂಗು ಬಲು ಚುರುಕು. ಹಾಲಿನವನು ಕೊಡುವ ಹಾಲು, ಗಂಡ ಹೇಳುವ ನೆವ, ಪಕ್ಕದ ಮನೆಯವರ ಒಳ್ಳೆಯ ಮಾತು, ಯಾವುದನ್ನೂ ಅವಳು ಒಂದು ಸಲ ಮೂಸಿ ನೋಡದೆ ಒಳಗೆ ಬಿಟ್ಟುಕೊಂಡವಳಲ್ಲ.

ಆಷಾಢಕ್ಕೆ ಹೊರಡುವ ದಿನ ನಾಗರತ್ನ ಗಂಡನಿಗೂ ಅತ್ತೆಗೂ ಒಟ್ಟಿಗೆ ಹೇಳಿದಳು.

"ಬಸ್ಸಿನಾಗೆ ಕುಲುಕಾಡಿದ್ರೆ ಇದಕ್ಕೆ ಆಗಲ್ಲ ರೀ. ಪೊರೆ ಬಿಡೋ ಕಾಲ ಹತ್ರ ಬಂದಂಗೈತೆ. ಮೂರು ನಾಲ್ಕು ದಿನಕ್ಕೆ ಒಂದು ಜಿರಲೆ ಹಾಕ್ರಿ, ಮುಚ್ಚಳದಾಗೆ ನೀರಿಡ್ರಿ. ಬಾಟ್ಲಿ ಸಣ್ಣದಾಗೈತೆ, ನನಗೂ ಗೊತ್ತು. ಆದ್ರೆ ಈಗ ಬದಲಾಯಿಸಬ್ಯಾಡ್ರಿ. ಪೊರೆ ಬಿಟ್ಟು, ಮೈ ಗಟ್ಟಿಯಾಗಿ, ಹಲ್ಲು ಕರ್ರಗಾದ ಮೇಲೆ ದೊಡ್ಡದಕ್ಕೆ ಹಾಕೋಣ. ನಾನು ಬಂದ ಮೇಲೆ."

"ನೀ ಬಂದ ಮ್ಯಾಲೆ" ಎಂದು ಅಂಜಿನಕ್ಕ ಒತ್ತಿ ಹೇಳಿದಳು. ಅವಳ ಕಣ್ಣು ಟ್ರಂಕಿನ ಮೇಲಿತ್ತು.

ಬಸ್ಸು ಹೋದ ಮೇಲೆ ಮಗ ಪಾಲಾಕ್ಷ ಅಂಗಡಿಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವನದು ಮೋಟರ್ ವೈಂಡಿಂಗ್ ಕೆಲಸ. ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಮಾತನ್ನೂ ಸುತ್ತಿ ಸುತ್ತಿ ಆಡುವ ಅಭ್ಯಾಸ ಬಂದಿತ್ತು. ಅವತ್ತು ನೇರವಾಗಿ ಹೇಳಿದ.

"ಯವ್ವಾ, ಅದಕ್ಕೇನಾರ ಆದ್ರ ಆಕಿ ತಿರುಗಿ ಬರಂಗಿಲ್ಲ."

"ಹಂಗಂದ್ಲೇನು?"

"ಅನ್ನಲಿಲ್ಲ. ನನಗ ಗೊತ್ತೈತಿ."

ಅಂಜಿನಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತುಂಬಿದ ಟ್ರಂಕು ಯಾಕೆ ಹೋಯಿತು, ಬಾಟಲಿ ಯಾಕೆ ಉಳಿಯಿತು ಎಂಬ ಎರಡೂ ಪ್ರಶ್ನೆಗೆ ಅವಳಿಗೆ ಒಂದೇ ಉತ್ತರ ಹೊಳೆಯಿತು. ಹುಳ ಸಾಯಲಿ ಎಂದೇ ಬಿಟ್ಟು ಹೋಗಿದ್ದಾಳೆ. ಸತ್ತರೆ ಅತ್ತೆ ಕೊಂದಳು ಅನ್ನಬಹುದು, ಈ ಮನೆಗೆ ಬರುವುದನ್ನು ತಪ್ಪಿಸಿಕೊಳ್ಳಬಹುದು. ಊರವರ ಕಣ್ಣಲ್ಲಿ ಗಯ್ಯಾಳಿ ಆಗುವವಳು ಅಂಜಿನಕ್ಕ, ಮದುವೆಯಾಗಿ ಎರಡು ತಿಂಗಳಿಗೇ ಒಂಟಿಯಾಗುವವನು ಮಗ. 'ಅದರ ಇರಬೇಕು, ಇಲ್ಲಾ ನಾನರ' ಅಂದದ್ದನ್ನು ಬೀಗರೆಲ್ಲ ಕೇಳಿದ್ದಾರೆ. ಇನ್ನು ಯಾವ ದೇವರ ಮೇಲೆ ಆಣೆ ಇಟ್ಟರೂ ಯಾರೂ ನಂಬುವುದಿಲ್ಲ.

ಅವತ್ತಿನಿಂದ ಜೇಡದ ಉಸ್ತುವಾರಿ ಅಂಜಿನಕ್ಕನದಾಯಿತು. ಮಗನ ಮೇಲೆ ಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ, ಏಕೆಂದರೆ ಅವನು ಮರೆಗುಳಿ. ಗಂಡ ಗಾದೆಪ್ಪನ ಮೇಲಂತೂ ಮೊದಲೇ ನಂಬಿಕೆ ಇಲ್ಲ. ಬಸ್ ಸ್ಟ್ಯಾಂಡಿನ ಎದುರು ಅವನ ಮಂಡಕ್ಕಿ-ಮೆಣಸಿನಕಾಯಿ ಗಾಡಿ. ಗಾಡಿಯ ಕಡಲೆಹಿಟ್ಟಿನ ಡಬ್ಬಕ್ಕೆ ಜಿರಲೆ ಬರುತ್ತವೆಂದು ಬಿಳಿ ಪುಡಿ ಉದುರಿಸುತ್ತಿದ್ದ. ಅಂಜಿನಕ್ಕ ಆ ಪುಡಿಯ ಪೊಟ್ಟಣವನ್ನು ಮೊದಲ ದಿನವೇ ಹಿತ್ತಲ ತಿಪ್ಪೆಯಲ್ಲಿ ಹೂತಳು.

"ಜಿರಳಿ ಹಿಟ್ಟಿನ್ಯಾಗ ಬಿದ್ರ ಗಿರಾಕಿ ನನ್ನ ಮಾರಿಗೆ ಒಗಿತಾರಲೇ!" ಎಂದ ಗಾದೆಪ್ಪ.

"ಪುಡಿ ತಿಂದ ಜಿರಳಿ ಅದು ತಿಂತು ಅಂದ್ರ? ನಾ ವಿಷ ಹಾಕಿದೆ ಅಂತಾರ. ಒಂದು ತಿಂಗಳು ಡಬ್ಬದ ಮುಚ್ಚಳ ಗಟ್ಟಿ ಹಾಕಿಕೋರಿ."

"ಹುಳಕ್ಕ ಇಷ್ಟು ಉಪಚಾರ. ನನಗ ಒಂದು ದಿನರ ಹಿಂಗ ನೋಡಿಯೇನು?"

"ನಿಮ್ಮನ್ನ ಬಾಟಲ್ಯಾಗ ಹಾಕಿ ಇಟ್ಟಿದ್ರ ನೋಡ್ತಿದ್ದೆ."

ಬಚ್ಚಲಲ್ಲಿ ಜಿರಲೆ ಹಿಡಿಯುವುದನ್ನೂ ಅವಳೇ ಕಲಿತಳು. ಒಡಕು ಲೋಟದಡಿ ಅದುಮಿ, ರಟ್ಟು ತೂರಿಸಿ, ಮುಖ ಆಚೆ ತಿರುಗಿಸಿ ಬಾಟಲಿಗೆ ಬಿಡುವಳು. ಜೇಡ ಹಾರಿ ಹಿಡಿಯುವಾಗ ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೂ ಅದು ಪೂರ್ತಿ ತಿಂದದ್ದು ಖಾತ್ರಿಯಾಗುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಮಾಳಮ್ಮ ಚಾಪೆಯಿಂದಲೇ ವಿಚಾರಿಸುತ್ತಿದ್ದಳು: "ಉಣ್ತೇನವ್ವಾ ನಿನ್ನ ಮೊಮ್ಮಗಳು?"

ಎರಡನೆಯ ವಾರಕ್ಕೆ ಅದು ಉಣ್ಣುವುದನ್ನು ಬಿಟ್ಟಿತು. ಹಾಕಿದ ಜಿರಲೆ ಬಾಟಲಿಯಲ್ಲಿ ಆರಾಮಾಗಿ ಸುತ್ತು ಹೊಡೆಯಿತು, ಜೇಡ ಮೂಲೆಯಲ್ಲಿ ಕಾಲು ಮುದುಡಿ ಕೂತಿತು. ಹೊಟ್ಟೆಯ ಬಣ್ಣ ಕಪ್ಪಿಟ್ಟು, ಮೈ ಕಳೆಗುಂದಿತ್ತು. ಮಣ್ಣಿನ ಮೇಲೆ ಬಿಳಿ ನೂಲಿನ ಹಾಸು ಹಾಸಿಕೊಂಡಿತ್ತು.

ಅಂಜಿನಕ್ಕ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಪುಡಿಯ ವಾಸನೆ ಇರಲಿಲ್ಲ. ಗಾದೆಪ್ಪನ ಅಂಗಿ ಮೂಸಿದಳು. ಅಲ್ಲಿ ಸುಟ್ಟ ಎಣ್ಣೆಯ ವಾಸನೆ ಬಿಟ್ಟು ಬೇರೇನಿಲ್ಲ.

"ಮೊದಲ ರೋಗ ಹತ್ತಿದ್ದನ್ನ ನನ್ನ ಕೊರಳಿಗೆ ಕಟ್ಟಿ ಹೋಗ್ಯಾಳ" ಎಂದು ಅವತ್ತು ಹಿಟ್ಟಿನ ಪಲ್ಯ ಬಡಿಸುವಾಗ ಹೇಳಿಯೇಬಿಟ್ಟಳು.

ಪಾಲಾಕ್ಷ ರೊಟ್ಟಿ ಮುರಿಯುತ್ತಿದ್ದವನು ಕೈ ತೊಳೆದು ಎದ್ದ. "ನಿನಗ ಎಲ್ಲಾರ ಮ್ಯಾಲೂ ಅನುಮಾನ. ಹುಳದ ಮ್ಯಾಲೂ ಅನುಮಾನ."

"ಎಲ್ಲಿಗೆ ಹೊಂಟಿ? ಉಂಡು ಏಳು."

"ಎಸ್‌ಟಿಡಿ ಬೂತಿಗೆ."

ಹಲವಾಗಲಿನ ಬೂತಿನವನು ಹುಡುಗನನ್ನು ಓಡಿಸಿ ನಾಗರತ್ನಳನ್ನು ಕರೆಸುವಷ್ಟರಲ್ಲಿ ಬಹಳ ಹೊತ್ತಾಗಿರಬೇಕು. ಪಾಲಾಕ್ಷ ತಿರುಗಿ ಬಂದಾಗ ರೊಟ್ಟಿ ತಣ್ಣಗಾಗಿ ಹಪ್ಪಳವಾಗಿತ್ತು.

"ಏನಂದ್ಲು?"

"ಹುಳ ಹೆಂಗೈತಿ ಅಂದ್ಲು."

"ನೀ ಹೆಂಗದಿ ಅಂತ ಕೇಳಲಿಲ್ಲೇನು?"

"ಇಲ್ಲ."

"ನೀ ಏನು ಹೇಳಿದಿ?"

ಪಾಲಾಕ್ಷ ನೆಲ ನೋಡಿದ. "ಚಲೋ ಐತಿ, ಉಣ್ತೈತಿ ಅಂದೆ."

"ಸುಳ್ಳ್ಯಾಕ ಹೇಳಿದ್ಯೋ? ಉಣವಲ್ದು ಅಂತ ಹೇಳಿದ್ರ ಏನರ ಉಪಾಯ ಹೇಳ್ತಿದ್ಲು!"

"ಹೇಳಿದ್ರ ಇವತ್ತ ಅಲ್ಲೇ ಮನಿ ಮಾಡ್ತಿದ್ಲು" ಎಂದ ಮಗ. ಅವನು ತೋಳಿನಿಂದ ಕಣ್ಣೊರೆಸಿಕೊಂಡದ್ದು ಕಂಡು ಅಂಜಿನಕ್ಕ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಮಗ ಹೆಂಡತಿಯನ್ನು ಇಷ್ಟು ಹಚ್ಚಿಕೊಂಡಿದ್ದಾನೆ ಎಂಬುದು ಅವಳಿಗೆ ಹೊಸ ಸುದ್ದಿ. ಸಂಕಟವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮರುದಿನ ಸಂಜೆ ಪಾಲಾಕ್ಷ ಅಪ್ಪನ ಗಾಡಿಯಿಂದ ದೊಡ್ಡ ಗಾಜಿನ ಭರಣಿ ಎತ್ತಿಕೊಂಡು ಬಂದ. ಗಾದೆಪ್ಪ ಖಾರ ತುಂಬಿಡುತ್ತಿದ್ದ ಅಗಲ ಬಾಯಿಯ ಭರಣಿ ಅದು. ತೊಳೆದು ಒರೆಸಿ, ಹೊಲದ ಮಣ್ಣು ತುಂಬಿಸಿ ತಂದಿದ್ದ. ಹಿಂದೆಯೇ ಗಾದೆಪ್ಪ ಬಂದ.

"ಖಾರ ಯಾತರಾಗ ಇಡ್ಲಿ? ನನ್ನ ರುಮಾಲಿನಾಗ?"

"ಅಪ್ಪಾ, ಒಂದೀಟು ಸುಮ್ನಿರು. ಯವ್ವಾ, ಜಾಗ ಸಾಲದ ಕೊರಗಾಕ ಹತ್ತೈತಿ ಅದು. ಕಾಲು ಚಾಚಿದ್ರ ಎರಡೂ ಕಡಿ ಗಾಜಿಗೆ ತಾಗತಾವು. ಇದಕ್ಕ ಹಾಕಿಬಿಡೋಣು."

"ಆಕಿ ಬ್ಯಾಡ ಅಂದಾಳ."

"ಆಕಿ ಹೇಳಿದಾಗ ಉಣ್ತಿತ್ತು. ಈಗ ಸಾಯಾಕ ಬಂದೈತಿ."

ಅಂಜಿನಕ್ಕ ಭರಣಿ ನೋಡಿದಳು, ಬಾಟಲಿ ನೋಡಿದಳು. ಮಗ ಹೇಳುವುದು ಸರಿ ಎನಿಸಿತು. ಸರಿ ಎನಿಸಿದ್ದೇ ಅವಳಿಗೆ ಅನುಮಾನ ತಂದಿತು. ಸಾಯುವುದು ಬಾಟಲಿಯಲ್ಲೇ ಸತ್ತರೆ ಸೊಸೆಯ ಬಾಟಲಿಯಲ್ಲಿ ಸತ್ತಂತಾಯಿತು. ಭರಣಿಗೆ ಹಾಕಿದ ಮೇಲೆ ಸತ್ತರೆ ಮಾವನ ಭರಣಿ, ಗಂಡನ ಕೈ, ಅತ್ತೆಯ ಕಣ್ಣೆದುರು. ಇದಕ್ಕಿಂತ ದೊಡ್ಡ ಕಾರಣವೂ ಒಂದಿತ್ತು.

"ಆಷಾಢದಾಗ ಯಾರರ ಮನಿ ಬದಲಾಸ್ತಾರೇನೋ?"

ಪಾಲಾಕ್ಷನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹುಳಕ್ಕ ಯಾತರ ಆಷಾಢ ಯವ್ವಾ?"

"ನಾವು ಆಷಾಢದಾಗ ಒಂದು ಒಲಿ ಸುದ್ದಾ ಜರುಗಿಸಂಗಿಲ್ಲ. ಈ ಮನಿ ಅನ್ನ ತಿಂದ ಮ್ಯಾಲೆ ಅದಕ್ಕೂ ಆಷಾಢ ಆಷಾಢನ. ಶ್ರಾವಣ ಬರಲಿ, ಸೋಮವಾರ ನೋಡಿ ಹಾಕೋಣು."

"ಅಷ್ಟೊತ್ತಿಗೆ ಸತ್ತಿರತೈತಿ!"

"ಸತ್ರ ಅದರ ಹಣಿಬರ. ಕೈ ಹಚ್ಚೀಯ ಮತ್ತ!"

ಗಾದೆಪ್ಪ ಖುಷಿಯಿಂದ ಭರಣಿಯ ಮಣ್ಣು ಸುರುವಲು ಹೋದ. ಅಂಜಿನಕ್ಕ ಅದಕ್ಕೂ ಬಿಡಲಿಲ್ಲ. ಭರಣಿ ಮಣ್ಣು ಸಮೇತ ಗೂಡಿನ ಕೆಳಗೆ ಕೂತಿತು. ಗಾದೆಪ್ಪನ ಖಾರ ಒಂದು ಎಣ್ಣೆಡಬ್ಬಕ್ಕೆ ಹೋಯಿತು.

ಆಷಾಢ ಮುಗಿಯಲು ಇನ್ನೂ ವಾರದ ಮೇಲಿತ್ತು. ಅವತ್ತು ಬೆಳಿಗ್ಗೆ ಕೋಣೆಯಿಂದ ಪಾಲಾಕ್ಷ "ಯವ್ವಾ!" ಎಂದು ಕೂಗಿದ. ಅಂಜಿನಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು. ಬಾಟಲಿಯಲ್ಲಿ ಜೇಡ ಬೆನ್ನು ಕೆಳಗಾಗಿ ಮಲಗಿತ್ತು. ಎಂಟೂ ಕಾಲು ಮೇಲಕ್ಕೆ. ಅಲುಗಾಟವಿಲ್ಲ.

ಗಾದೆಪ್ಪ ಹೆಂಡತಿಯ ಮುಖ ನೋಡಿದ. ಪಾಲಾಕ್ಷ ತಾಯಿಯ ಮುಖ ನೋಡಿದ. ಬಾಗಿಲ ತನಕ ತೆವಳಿ ಬಂದಿದ್ದ ಮಾಳಮ್ಮನೂ ಸೊಸೆಯ ಮುಖ ನೋಡಿದಳು. ಮೂರು ವಾರ ಈ ಹುಳವನ್ನು ಕಾಯ್ದದ್ದು ಈ ನೋಟದಿಂದ ತಪ್ಪಿಸಿಕೊಳ್ಳಲಿಕ್ಕೆ. ಈಗ ನೋಟ ಮನೆಯೊಳಗಿಂದಲೇ ಬಂತು.

"ಏನು ನೋಡ್ತೀರಿ? ನಾ ಕೊಂದ್ನೇನು?"

"ನಿನ್ನೆ ಕ್ವಾಣಿ ಫಿನಾಯಿಲ್ ಹಚ್ಚಿ ಒರಸಿದ್ದಿ" ಎಂದ ಮಗ.

"ಅಂಗಳ ಒರಸಿದ್ದು! ಕ್ವಾಣಿಗೆ ಬರೇ ನೀರು ಹಚ್ಚೀನಿ. ನಿಮ್ಮಪ್ಪನ್ನ ಕೇಳು, ಅವರ ಪುಡಿ ತಿಪ್ಪ್ಯಾಗ ಹೂತೀನಿ!"

"ಅಯ್ಯ, ಎಲ್ಲೋ ಎತ್ತಿಟ್ಟಿ ಅಂತ ತಿಳಿದಿದ್ದೆ, ಹೂತಬಿಟ್ಟಿಯೇನು?" ಎಂದ ಗಾದೆಪ್ಪ. "ಹಡಗಲಿ ಸಂತ್ಯಾಗ ತಂದಿದ್ದಲೇ ಅದು!"

ಪಾಲಾಕ್ಷ ಬಾಟಲಿಯತ್ತ ಕೈ ಚಾಚಿದ. ದನಿ ಇಳಿಸಿ ಹೇಳಿದ: "ಆಗಿದ್ದಾತು ಬಿಡ್ರಿ. ಇದನ್ನ ತಗೊಂಡು ಹೋಗಿ ಹಳ್ಳದಾಗ ಒಗದು ಬರ್ತೀನಿ. ಮುಚ್ಚಳ ಸಡ್ಲ ಆಗಿತ್ತು, ಓಡಿಹೋತು ಅಂತ ಹೇಳೋಣು. ಓಡಿಹೋತು ಅಂದ್ರ ಆಕಿಗೆ ದುಃಖ ಆಗತೈತಿ, ಸಿಟ್ಟು ಬರಂಗಿಲ್ಲ."

ಗಾದೆಪ್ಪನೂ ತಲೆಯಾಡಿಸಿದ. "ಹಂಗ ಮಾಡು. ಎಲ್ಲಾರ ಮರ್ಯಾದಿ ಉಳಿತೈತಿ."

ಅಂಜಿನಕ್ಕ ಅಡ್ಡ ಬಂದು ನಿಂತಳು. ಅವಳ ಕಣ್ಣು ಮಗನ ಮೇಲಿರಲಿಲ್ಲ, ಬಾಗಿಲಲ್ಲಿ ಕೂತಿದ್ದ ಮಾಳಮ್ಮನ ಮೇಲಿತ್ತು. "ಓಡಿಹೋತು ಅಂತ ಹೇಳ್ತೀರಿ. ಬೆಕ್ಕು ತಿಂತು ಅಂದಂಗ. ಹೌದಿಲ್ಲೋ ಅತ್ತಿ?"

ಈ ಮಾತಿನ ಹಿಂದೆ ಒಂದು ಕೋಳಿ ಇತ್ತು. ಅಂಜಿನಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಕೋಗಳಿಯ ತವರಿನಿಂದ ಒಂದು ಹ್ಯಾಟೆಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಕೆಂಪು ಗರಿಯ ಹ್ಯಾಟೆ, ಕರೆದರೆ ಹಿಂದೆ ಬರುತ್ತಿತ್ತು. ಮೊದಲ ಆಷಾಢಕ್ಕೆ ತವರಿಗೆ ಹೋಗಿ ತಿರುಗಿ ಬಂದಾಗ ಹ್ಯಾಟೆ ಇರಲಿಲ್ಲ. ಬೆಕ್ಕು ತಿಂತು ಎಂದಳು ಮಾಳಮ್ಮ. ಹಿತ್ತಲಲ್ಲಿ ಅಂಜಿನಕ್ಕನಿಗೆ ಸಿಕ್ಕಿದ ಗರಿಗಳು ಬಿಸಿನೀರಲ್ಲಿ ಅದ್ದಿ ಕಿತ್ತಂತಿದ್ದವು. ಯಾವ ಬೆಕ್ಕೂ ನೀರು ಕಾಯಿಸುವುದಿಲ್ಲ. ಹತ್ತೊಂಬತ್ತರ ಹುಡುಗಿ, ಬಾಯಿ ತೆರೆಯಲು ಆಗಲಿಲ್ಲ. ಅವತ್ತಿನಿಂದ ಈ ಮನೆಯಲ್ಲಿ ಯಾರ ಮಾತನ್ನೂ ಅವಳು ಪೂರ್ತಿ ನಂಬಿದ್ದಿಲ್ಲ.

"ಬೆಕ್ಕ ತಿಂದದ್ದವ್ವಾ" ಎಂದಳು ಮಾಳಮ್ಮ, ಮೂವತ್ತು ವರ್ಷದಿಂದ ಹೇಳಿದ ಹಾಗೆಯೇ.

"ಕೇಳಿದ್ರ್ಯಾ? ನಾ ಅಂಥಾ ಮಾತು ಹೇಳಂಗಿಲ್ಲ. ಇದನ್ನ ಯಾರೂ ಮುಟ್ಟಬ್ಯಾಡ್ರಿ. ಅಲುಗಿಸಬ್ಯಾಡ್ರಿ. ಹೆಂಗ ಬಿದ್ದೈತೋ ಹಂಗ ಇರಲಿ. ಆಕಿ ಬಂದು ತನ್ನ ಕಣ್ಣೀಲೆ ನೋಡಲಿ. ವಿಷ ಐತೋ, ಪೆಟ್ಟು ಐತೋ, ಓದಿದಾಕಿ ಅದಾಳ, ತಿಳಿತೈತಿ. ನಾ ಕೊಂದಿಲ್ಲ ಅನ್ನಾಕ ನನಗ ಬ್ಯಾರೆ ಸಾಕ್ಷಿ ಇಲ್ಲ."

"ಅಲ್ಲೀಮಟ ನಾರತೈತಿ ಯವ್ವಾ!"

"ನಾರಲಿ!"

ಮಗನನ್ನೂ ಗಂಡನನ್ನೂ ಕೋಣೆಯಿಂದ ಆಚೆ ದಬ್ಬಿ, ಬಾಗಿಲೆಳೆದು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಾಲಾಕ್ಷನ ಅಂಗಿ, ಪ್ಯಾಂಟು ಎಲ್ಲ ಒಳಗೇ ಉಳಿದವು. ಅವನು ಅಪ್ಪನ ಅಂಗಿ ಹಾಕಿಕೊಂಡು, ಅದರ ತೋಳು ಮೊಣಕೈಗೆ ಬರುತ್ತಿದ್ದುದನ್ನು ಎಳೆಯುತ್ತ, ತಾಯಿಯ ಕಡೆ ತಿರುಗಿಯೂ ನೋಡದೆ ಅಂಗಡಿಗೆ ಹೋದ. ಅಂಜಿನಕ್ಕ ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತು ಗಾಡಿಯ ಮೆಣಸಿನಕಾಯಿ ಸೀಳಿದಳು. ಕೈ ಕಣ್ಣಿಗೆ ತಾಗಿತೆಂದು ಎರಡು ಸಲ ಅತ್ತಳು. ಎರಡನೆಯ ಸಲ ಕೈ ಕಣ್ಣಿಗೆ ತಾಗಿರಲಿಲ್ಲ.

ಮಾಳಮ್ಮ ಚಾಪೆಯಿಂದ ಕೇಳಿದಳು: "ಉಣ್ಣಂಗಿಲ್ಲೇನ?"

"ನನಗ ಸೇರವಲ್ದು. ನೀವು ಉಣ್ರಿ."

ನಳದಲ್ಲಿ ನೀರು ಬಂದಾಗ ಹೋಗಿ ನಾಲ್ಕು ಕೊಡ ತಂದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇರುವೆ ಮುತ್ತಿದ್ದರೆ ಸಾಕ್ಷಿ ಕೆಡುತ್ತದೆಂದು ನೆನಪಾಗಿ ಬೀಗ ತೆಗೆದು ಒಳಗೆ ಹೋದಳು.

ಬಾಟಲಿಯಲ್ಲಿ ಎರಡು ಜೇಡ ಇದ್ದವು.

ಒಂದು ಬೆಳಿಗ್ಗೆ ಕಂಡ ಕಂದು ಬಣ್ಣದ್ದು, ಮುದುಡಿ ಬಿದ್ದಿತ್ತು. ಇನ್ನೊಂದು ಅದರ ಪಕ್ಕ, ಅದಕ್ಕಿಂತ ದೊಡ್ಡದು, ಬೂದಿ ಬಣ್ಣ, ಮೈಯೆಲ್ಲ ಒದ್ದೆಯಾದಂತೆ ಮಿರುಗುತ್ತಿತ್ತು. ಒಂದು ಕಾಲು ಮೆಲ್ಲಗೆ ಆಡಿಸಿತು.

ಅಂಜಿನಕ್ಕನ ಕೈ ಸೊಂಟದ ಕೀಲಿಗೆ ಹೋಯಿತು. ಕೀಲಿ ಅಲ್ಲೇ ಇತ್ತು. ಕಿಟಕಿ ನೋಡಿದಳು, ಸರಳು ಗಟ್ಟಿಯಾಗಿದ್ದವು. "ಯಾರೋ ಇನ್ನೊಂದು ತಂದು ಬಿಟ್ಟಾರ!" ಎಂದು ಹೊರಗೆ ಬಂದು ಮಾಳಮ್ಮನನ್ನೇ ಹಿಡಿದಳು. "ನಾ ನೀರಿಗೆ ಹೋದಾಗ ಯಾರು ಬಂದಿದ್ರು? ನಿಮ್ಮ ಮಗ ಬಂದಿದ್ರೇನು? ಸತ್ತದ್ದನ್ನ ಮುಚ್ಚಾಕ ಎಲ್ಲಿಂದರ ಇನ್ನೊಂದು ಹುಡುಕಿ ತಂದಾರೇನು?"

"ಯಾರೂ ಬಂದಿಲ್ಲವ್ವಾ. ಹಾವು ಬಿಡಂಗಿಲ್ಲೇನು? ಪೊರಿ ಬಿಟ್ಟಿರಬೇಕು ನೋಡು."

ಅಂಜಿನಕ್ಕ ತಿರುಗಿ ಒಳಗೆ ಹೋಗಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು. ಕಂದು ಜೇಡದ ಬೆನ್ನು ಮುಚ್ಚಳದಂತೆ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ಸೊಸೆ ಹೇಳಿದ್ದಳು, ಪೊರೆ ಬಿಡುವ ಕಾಲ ಹತ್ತಿರ ಬಂದಿದೆ ಎಂದು. ಅಂಗಾತ ಬಿದ್ದು ಬಿಡುತ್ತದೆ ಎಂದು ಹೇಳಿರಲಿಲ್ಲ. ಬೆಳಿಗ್ಗೆ ಮಗ ಕೈ ಹಾಕಿ ಅಲುಗಿಸಿದ್ದರೆ, ಹಳ್ಳಕ್ಕೆ ಒಗೆದಿದ್ದರೆ ಎಂದು ನೆನೆದಳು. ಖುಷಿಯಾಯಿತು. ಈ ಹುಳ ಬದುಕಿದ್ದಕ್ಕೆ ತನಗೆ ಇಷ್ಟು ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು.

ಸಂಜೆ ಪಾಲಾಕ್ಷ ಬಂದು ನೋಡಿ ನೆಲದ ಮೇಲೇ ಕೂತುಬಿಟ್ಟ. ಆಮೇಲೆ ಎದ್ದು ಭರಣಿಗೆ ಕೈ ಹಾಕಿದ. "ಪೊರಿ ಬಿಡ್ತಲ್ಲ, ಇನ್ನ ಹಾಕೋಣೇನು?"

"ಹಲ್ಲು ಕರ್ರಗಾಗಲಿ ಅಂದಾಳ. ನೋಡು, ಬೆಳ್ಳಗ ಅದಾವು. ಮತ್ತ ಆಷಾಢ ಇನ್ನೂ ಮುಗಿದಿಲ್ಲ."

ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಂಜಿನಕ್ಕ ಜೇಡದ ಹಲ್ಲು ನೋಡಿದಳು. ಬಿಳಿ ಇದ್ದದ್ದು ಕೆಂಪಾಯಿತು, ಕೆಂಪು ಕಪ್ಪಿಗೆ ತಿರುಗಿತು. ಕಳಚಿದ ಪೊರೆಯನ್ನು ಕಡ್ಡಿಯಿಂದ ಎತ್ತಿ, ಕಾಲು ಮುರಿಯದಂತೆ ಕುಂಕುಮದ ಡಬ್ಬಿಯಲ್ಲಿ ಇಟ್ಟಳು. ಜೇಡ ಬದುಕಿದ್ದರೂ ಸಾಕ್ಷಿ ಇರಲಿ ಎಂದು.

ಶ್ರಾವಣದ ಮೊದಲ ಸೋಮವಾರ ಮಧ್ಯಾಹ್ನ ನಾಗರತ್ನ ಬಂದಳು. ಅಣ್ಣ ಜೊತೆಗಿರಲಿಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದೂ ಜೋತುಬಿದ್ದಿತ್ತು. ಅಂಜಿನಕ್ಕ ಅವಳ ಹಿಂದೆ ಬೀದಿಯ ತುದಿಯ ತನಕ ಕಣ್ಣು ಹಾಯಿಸಿದಳು.

"ಟ್ರಂಕೆಲ್ಲೈತಿ?"

"ಆಮೇಲೆ ತರ್ತೀನ್ರಿ" ಎನ್ನುತ್ತಲೇ ನಾಗರತ್ನ ಕೋಣೆಗೆ ನಡೆದಳು. ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. ಗೂಡಿನ ಮುಂದೆ ನಿಂತು ನೋಡಿದಳು. ಬಾಟಲಿ ಇಟ್ಟ ಜಾಗದಲ್ಲೇ ಇತ್ತು. ಜೇಡ ಗಾಜಿನುದ್ದಕ್ಕೂ ಕಾಲು ಚಾಚಿ, ಹೊಸ ಬೂದಿ ಬಣ್ಣದ ಮೈಯಲ್ಲಿ ಕೂತಿತ್ತು. ಅಂಜಿನಕ್ಕ ಕುಂಕುಮದ ಡಬ್ಬಿ ತೆರೆದು ಮುಂದೆ ಹಿಡಿದಳು.

"ಪೊರಿ. ಒಂದು ಕಾಲು ಸುದ್ದಾ ಮುರಿದಿಲ್ಲ, ಎಣಿಸಿಕೋ. ಹಲ್ಲು ಕರ್ರಗ ಆಗ್ಯಾವು. ನೀ ಬರೋಮಟ ಬದಲಾಸಿಲ್ಲ."

ನಾಗರತ್ನ ಎಣಿಸಲಿಲ್ಲ. ಡಬ್ಬಿ ಹಿಡಿದುಕೊಂಡು ಅಳತೊಡಗಿದಳು. ಅಂಜಿನಕ್ಕ ಅಳು ನಿಲ್ಲುವ ತನಕ ಕಾದಳು. ಆಮೇಲೆ ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದಳು.

"ನನ್ನ ಪರೀಕ್ಷಾ ಮಾಡಾಕ ಬಿಟ್ಟು ಹೋಗಿದ್ದೇನು?"

ಪಾಲಾಕ್ಷ "ಯವ್ವಾ!" ಎಂದ. ನಾಗರತ್ನ ಕಣ್ಣೊರೆಸಿಕೊಂಡು ಅತ್ತೆಯನ್ನು ನೇರವಾಗಿ ನೋಡಿದಳು.

"ಹೂಂ ರೀ ಅತ್ತೆ. ಅದಿರಬೇಕು, ಇಲ್ಲ ನಾನಿರಬೇಕು ಅಂದ್ರಿ ನೀವು, ಬಂದ ದಿನಾನೇ. ಬಸ್ಸಿಗೆ ಅದು ತಡೀತಿರಲಿಲ್ಲ, ಅದೂ ನಿಜ. ಆದ್ರೆ ನಂಗೆ ಭಯ ಇತ್ತು. ನಂದು ಅಂತ ಇಲ್ಲಿರೋದು ಅದೊಂದೇ. ಅದನ್ನೇ ಸಾಯಿಸಿ, ಏನೋ ಒಂದು ನೆವ ಹೇಳೋ ಮನೆಯಾದ್ರೆ ನನಗೂ ಇಲ್ಲಿ ಜಾಗ ಇಲ್ಲ ಅಂದ್ಕೊಂಡೆ. ಟ್ರಂಕು ಊರಾಗೇ ಬಿಟ್ಟು ಬಂದೀನಿ. ಸಂಜೆ ಬಸ್ಸಿಗೆ ತಿರುಗಿ ಹೋಗೋಳಿದ್ದೆ."

ಅಂಜಿನಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಅನುಮಾನಪಟ್ಟದ್ದನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಬಾಯಿಬಿಟ್ಟು ಹೌದು ಅಂದಿದ್ದರು. ಇಷ್ಟು ವರ್ಷ ಈ ಮನೆಯಲ್ಲಿ ಅವಳಿಗೆ ಬೇಕಾಗಿದ್ದು ಅದೇ ಒಂದು ಮಾತು.

ಬಾಗಿಲಲ್ಲಿ ಎಲೆಯಡಿಕೆ ಕುಟ್ಟುವ ಸದ್ದು ನಿಂತಿತು. "ನೆವ ಏನು ಹೇಳ್ತಿದ್ವಿ ನಾವು?" ಎಂದಳು ಮಾಳಮ್ಮ. "ಬೆಕ್ಕು ತಿಂತು ಅಂತಿದ್ವಿ. ಈ ಮನ್ಯಾಗ ಎಲ್ಲಾನೂ ಬೆಕ್ಕ ತಿಂತಿತ್ತವ್ವಾ. ಕೋಗಳಿ ಹ್ಯಾಟಿ ಭಾಳ ರುಚಿ ಇತ್ತು."

ಅಂಜಿನಕ್ಕ ತಿರುಗಿ ಅತ್ತೆಯನ್ನು ನೋಡಿದಳು. ಮಾಳಮ್ಮ ಕಣ್ಣು ತಪ್ಪಿಸಿ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು, ಡಬ್ಬಿ ಅವಳ ಕೈಯಲ್ಲೇ ಇತ್ತು.

ಸಂಜೆಯ ಬಸ್ಸಿನ ಹೊತ್ತಿಗೆ ಜೇಡದ ಮನೆ ಬದಲಾಯಿತು. ಗಾದೆಪ್ಪ ಗಾಡಿಯನ್ನು ಪಕ್ಕದವನಿಗೆ ಒಪ್ಪಿಸಿ ನೋಡಲು ಬಂದಿದ್ದ. "ಹಾಲು ಉಕ್ಕಿಸೋದಿಲ್ಲೇನು?" ಎಂದು ಕೇಳಿ ಹೆಂಡತಿಯಿಂದ ಬೈಸಿಕೊಂಡ. ಭರಣಿಯನ್ನು ಅಡ್ಡ ಮಲಗಿಸಿ ಅಂಜಿನಕ್ಕ ಹಿಡಿದುಕೊಂಡಳು. ನಾಗರತ್ನ ಬಾಟಲಿಯ ಬಾಯನ್ನು ಭರಣಿಯ ಬಾಯಿಗೆ ಕೂಡಿಸಿ, ಕಸಬರಿಗೆಯ ಕಡ್ಡಿಯಿಂದ ಹಿಂದಿನಿಂದ ಮೆಲ್ಲಗೆ ಮುಟ್ಟಿದಳು. ಜೇಡ ಮೊದಲು ಒಂದು ಕಾಲು ಚಾಚಿ ಹೊಸ ಗಾಜನ್ನು ಮುಟ್ಟಿ ನೋಡಿತು. ಹಿಂದೆ ಸರಿಯಿತು. ಮತ್ತೆ ಮುಟ್ಟಿ ನೋಡಿತು.

"ಅನುಮಾನದ ಜಾತಿ ಇದು" ಎಂದ ಗಾದೆಪ್ಪ.

"ಅವಸರ ಮಾಡಬ್ಯಾಡ" ಎಂದಳು ಅಂಜಿನಕ್ಕ ಸೊಸೆಗೆ. "ತಾನ ಹೋಗಲಿ."

ತಾನೇ ಹೋಯಿತು. ಮಣ್ಣಿನ ಮೇಲೆ ಪೂರ್ತಿ ಕಾಲು ಚಾಚಿ ನಿಂತಿತು. ಯಾವ ಕಾಲೂ ಯಾವ ಗಾಜಿಗೂ ತಾಗಲಿಲ್ಲ. ನಾಗರತ್ನ ಮುಚ್ಚಳ ಹಾಕಿ ಭರಣಿಯನ್ನು ಗೂಡಿನಲ್ಲಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದಳು.

"ನಾಳೆ ಹೋಗಿ ಟ್ರಂಕು ತರ್ತೀನ್ರಿ ಅತ್ತೆ. ಸಂಜೆ ಅಷ್ಟೊತ್ತಿಗೆ ಬಂದುಬಿಡ್ತೀನಿ."

"ನೀನೊಬ್ಬಾಕಿನ?"

"ಹೂಂ ರೀ."

"ನಿನ್ನ ನಂಬಂಗಿಲ್ಲ ತಾಯಿ" ಎಂದಳು ಅಂಜಿನಕ್ಕ. "ನಾನೂ ಬರ್ತೀನಿ." ಅಷ್ಟು ಹೇಳಿ, ಖಾಲಿಯಾದ ಹಾರ್ಲಿಕ್ಸ್ ಬಾಟಲಿ ಎತ್ತಿಕೊಂಡು ತೊಳೆಯಲು ಹಿತ್ತಲಿಗೆ ಹೋದಳು.